ಅಪ್ಪ-ಅಮ್ಮನ ಗ್ರೀನ್ ಕಾರ್ಡ್: ಕಡತ ಹೊಂದಿಸುವವನ ಪಾಠಗಳು

ಮೈಸೂರಿನ ಸಿವಿಲ್ ವಕೀಲನ ಮೇಜಿಗೆ ಬರುವುದು ಪಾಲು, ಪತ್ರ, ಒತ್ತುವರಿ. ಅವುಗಳ ನಡುವೆ ಬಹಳ ವರ್ಷಗಳಿಂದ ಇನ್ನೊಂದು ಬಗೆಯ ಕಡತವೂ ಬರುತ್ತಿದೆ. ಮಗ ಡಲ್ಲಾಸಿನಲ್ಲಿ, ಅಪ್ಪ-ಅಮ್ಮ ಹುಣಸೂರಿನಲ್ಲಿ; ಅಥವಾ ಅಕ್ಕ ನ್ಯೂಜೆರ್ಸಿಯಲ್ಲಿ, ತಮ್ಮ ಕುವೆಂಪುನಗರದಲ್ಲಿ. ಅಲ್ಲಿನ ಅರ್ಜಿಯನ್ನು ಅಲ್ಲಿನ ಅಟಾರ್ನಿ ನೋಡಿಕೊಳ್ಳುತ್ತಾರೆ. ಇಲ್ಲಿನ ಕಾಗದ ಹುಡುಕಿ, ಹೊಂದಿಸಿ, ತಿದ್ದಿಸಿ ಕೊಡುವ ಕೆಲಸ ನನ್ನದು. ನನ್ನ ಬಳಿ ಬರುವ ಕಡತಗಳೆಲ್ಲ ಹೆಚ್ಚುಕಡಿಮೆ ಅಮೆರಿಕದವೇ ಆದ್ದರಿಂದ ಇಲ್ಲಿ ಹೇಳುವುದೂ ಅಲ್ಲಿನ ಮಾತೇ.

1. ಮಗನ ಸಂಬಳ ಕೇಳಬೇಡಿ, ಅವನು ಅಲ್ಲಿನ ಪ್ರಜೆಯೇ ಎಂದು ಕೇಳಿ

"ಮಗನಿಗೆ ಗ್ರೀನ್ ಕಾರ್ಡ್ ಬಂತು, ನಮ್ಮನ್ನೂ ಕರೆಸಿಕೊಳ್ಳುತ್ತಾನಂತೆ" ಎಂದು ಖುಷಿಯಿಂದ ಬರುವವರಿಗೆ ಮೊದಲು ನಿರಾಸೆಯ ಮಾತು ಹೇಳಬೇಕಾಗುತ್ತದೆ. ಗ್ರೀನ್ ಕಾರ್ಡ್ ಇರುವವರು ಹೆಂಡತಿ ಅಥವಾ ಗಂಡನಿಗೆ, ಮದುವೆಯಾಗದ ಮಕ್ಕಳಿಗೆ ಅರ್ಜಿ ಹಾಕಬಹುದು. ತಂದೆ-ತಾಯಿಗೆ ಹಾಕುವಂತಿಲ್ಲ. ಅದಕ್ಕೆ ಮಗ ಅಥವಾ ಮಗಳು ಅಮೆರಿಕದ ಪ್ರಜೆಯಾಗಿರಬೇಕು, 21 ವರ್ಷ ತುಂಬಿರಬೇಕು. ಅಣ್ಣ-ತಮ್ಮ, ಅಕ್ಕ-ತಂಗಿಯರಿಗೂ ಇದೇ ಷರತ್ತು. ಮದುವೆಯಾದ ಮಕ್ಕಳಿಗೆ ಅರ್ಜಿ ಹಾಕುವುದಕ್ಕೂ ಪ್ರಜೆಯೇ ಆಗಿರಬೇಕು.

ಆ ಕಾನೂನಿನ ಕುಟುಂಬ ಇಷ್ಟೇ: ಗಂಡ-ಹೆಂಡತಿ, ಮಕ್ಕಳು, ತಂದೆ-ತಾಯಿ, ಒಡಹುಟ್ಟಿದವರು. ಅಜ್ಜಿ ಇಲ್ಲ, ಅತ್ತೆ-ಮಾವ ಇಲ್ಲ, ಸಾಕಿ ಬೆಳೆಸಿದ ಚಿಕ್ಕಮ್ಮ ಇಲ್ಲ. ತಾಯಿ ತೀರಿಕೊಂಡ ಮೇಲೆ ದೊಡ್ಡಮ್ಮನೇ ಸಾಕಿದಳು, ಅವಳನ್ನು ಕರೆಸಿಕೊಳ್ಳಬಹುದೇ ಎಂದು ಕೇಳಿದವರಿದ್ದಾರೆ. ಬಾಲ್ಯದಲ್ಲೇ ಕಾನೂನುಬದ್ಧ ದತ್ತು ಆಗಿಲ್ಲದಿದ್ದರೆ ಆ ಸಂಬಂಧ ಅವರ ಲೆಕ್ಕಕ್ಕೆ ಬರುವುದಿಲ್ಲ. ಹೆಂಡತಿಯ ತಂದೆ-ತಾಯಿಗೆ ಅಳಿಯ ಅರ್ಜಿ ಹಾಕಲಾರ. ಮಗಳೇ ಪ್ರಜೆಯಾಗಿ ಹಾಕಬೇಕು. ಅಳಿಯ ಮೊದಲು ಪ್ರಜೆಯಾಗಿ ಮಗಳು ಭಾರತದ ಪಾಸ್‌ಪೋರ್ಟನ್ನೇ ಉಳಿಸಿಕೊಂಡ ಮನೆಗಳಲ್ಲಿ ಬೀಗರೊಬ್ಬರು ಹೋಗಿ ಇನ್ನೊಬ್ಬರು ಉಳಿದದ್ದನ್ನೂ ಕಂಡಿದ್ದೇನೆ. ಅದರಿಂದ ಹುಟ್ಟುವ ಮುನಿಸಿಗೆ ವಕೀಲರ ಬಳಿ ಮದ್ದಿಲ್ಲ.

2. ಅಪ್ಪನದೊಂದು ಕಡತ, ಅಮ್ಮನದೊಂದು ಕಡತ

ಪ್ರಜೆಯ ತಂದೆ-ತಾಯಿಗೆ ವರ್ಷಕ್ಕೆ ಇಷ್ಟೇ ವೀಸಾ ಎಂಬ ಮಿತಿ ಇಲ್ಲ, ಸರದಿಯೂ ಇಲ್ಲ. ಆದರೆ ಈ ವರ್ಗದಲ್ಲಿ ಒಬ್ಬರ ಅರ್ಜಿಯ ಜೊತೆ ಇನ್ನೊಬ್ಬರು ಸೇರಿಕೊಳ್ಳುವಂತಿಲ್ಲ. ಇಬ್ಬರಿಗೂ ಬೇರೆ ಬೇರೆ ಐ-130 ಅರ್ಜಿ, ಬೇರೆ ಬೇರೆ ಶುಲ್ಕ. 2024ರ ಏಪ್ರಿಲ್‌ನಲ್ಲಿ ಪರಿಷ್ಕರಿಸಿದ ದರದಂತೆ ಆನ್‌ಲೈನ್‌ನಲ್ಲಾದರೆ 625 ಡಾಲರ್, ಕಾಗದದಲ್ಲಾದರೆ 675.

ಇದರ ನಿಜವಾದ ಪೆಟ್ಟು ಬೀಳುವುದು ಮನೆಯಲ್ಲಿ ಇನ್ನೂ ಓದುತ್ತಿರುವ ಕಿರಿಯ ಮಗ ಅಥವಾ ಮಗಳಿದ್ದಾಗ. ಹದಿನೇಳರ ಹುಡುಗ ಅಪ್ಪ-ಅಮ್ಮನ ಜೊತೆಗೇ ಹೋಗುತ್ತಾನೆ ಎಂದುಕೊಂಡಿರುತ್ತಾರೆ. ಹೋಗಲಾಗುವುದಿಲ್ಲ. ತಂದೆ-ತಾಯಿ ಅಲ್ಲಿ ಹೋಗಿ ನೆಲೆಸಿ, ಅವನಿಗಾಗಿ ಹೊಸದಾಗಿ ಅರ್ಜಿ ಹಾಕಿ ಕಾಯಬೇಕು. ಅಲ್ಲಿಯತನಕ ಅವನು ಯಾರ ಮನೆಯಲ್ಲಿ? ಐ-130 ತುಂಬುವ ಮೊದಲೇ ಇದಕ್ಕೊಂದು ಉತ್ತರ ಬೇಕು.

3. ಎಲ್ಲರೂ ತಪ್ಪಾದ ಜನನ ಪ್ರಮಾಣಪತ್ರ ಹುಡುಕುತ್ತಾರೆ

ಎಪ್ಪತ್ತರ ಅಪ್ಪನ ಜನನ ಪ್ರಮಾಣಪತ್ರಕ್ಕಾಗಿ ತಾಲ್ಲೂಕು ಕಚೇರಿ ಅಲೆದು ಸುಸ್ತಾಗಿ ಬರುತ್ತಾರೆ. ಸಂಬಂಧ ಸಾಬೀತಾಗಬೇಕಾದದ್ದು ಮಗನದು. ಆದ್ದರಿಂದ ಮೊದಲು ಬೇಕಾದದ್ದು ಅರ್ಜಿದಾರ ಮಗನ ಜನನ ಪ್ರಮಾಣಪತ್ರ, ಅದರಲ್ಲಿ ತಂದೆ-ತಾಯಿಯ ಹೆಸರು. ತಾಯಿಗೆ ಅದೊಂದೇ ಸಾಕು. ತಂದೆಗೆ ಅದರ ಜೊತೆ ತಂದೆ-ತಾಯಿಯ ಮದುವೆಯ ದಾಖಲೆಯೂ ಬೇಕು. ಒಡಹುಟ್ಟಿದವರಿಗಾದರೆ ಇಬ್ಬರ ಜನನ ಪ್ರಮಾಣಪತ್ರಗಳೂ ಬೇಕು, ಎರಡರಲ್ಲೂ ಅದೇ ತಂದೆಯೋ ತಾಯಿಯೋ ಕಾಣಬೇಕು. ಅಪ್ಪ-ಅಮ್ಮನ ಸ್ವಂತ ಜನನದ ದಾಖಲೆ ಬೇಕಾಗುವುದು ಮುಂದಿನ ಹಂತದಲ್ಲಿ, ವೀಸಾ ಸಂದರ್ಶನಕ್ಕೆ.

ಮಗನ ಪ್ರಮಾಣಪತ್ರ ಸಿಕ್ಕಿತು ಎಂದುಕೊಳ್ಳೋಣ. ತೆರೆದು ನೋಡಿದರೆ ಮಗುವಿನ ಹೆಸರಿನ ಜಾಗ ಖಾಲಿ, ಲಿಂಗದ ಕಾಲಮಿನಲ್ಲಿ "ಗಂಡು" ಎಂದು ಮಾತ್ರ. ಹೆರಿಗೆಯಾದ ವಾರದಲ್ಲೇ ಬರೆಸಿದ್ದು. ನಾಮಕರಣ ಆಮೇಲೆ ಆಯಿತು. ಹೆಸರು ಸೇರಿಸಲು ಮತ್ತೆ ಯಾರೂ ಹೋಗಲಿಲ್ಲ. ಇಲ್ಲವೇ ತಾಯಿಯ ಹೆಸರಿನ ಜಾಗದಲ್ಲಿ ತವರಿನ ಹೆಸರು "ಪುಟ್ಟತಾಯಮ್ಮ", ಪಾಸ್‌ಪೋರ್ಟಿನಲ್ಲಿ ಮದುವೆಯಲ್ಲಿ ಇಟ್ಟ ಹೆಸರು "ಸಾವಿತ್ರಮ್ಮ". ತಂದೆ ಒಂದು ಕಡೆ ಎಚ್. ಕೆ. ನಂಜಪ್ಪ, ಇನ್ನೊಂದು ಕಡೆ ನಂಜಪ್ಪ ಬಿನ್ ಕೆಂಪಯ್ಯ, ಮತ್ತೊಂದು ಕಡೆ ನಂಜಪ್ಪ ಹೊಸಳ್ಳಿ ಕೆಂಪಯ್ಯ. ಊರೂ ಅಪ್ಪನೂ ಇನಿಷಿಯಲ್‌ನಲ್ಲಿ ಅಡಗಿರುವ ನಮ್ಮ ಪದ್ಧತಿ ನಮಗೆ ಸಲೀಸು. ಅಲ್ಲಿನ ಅಧಿಕಾರಿಗೆ ಅವರು ಮೂವರು ಬೇರೆ ಬೇರೆ ಗಂಡಸರು.

ಹೆಸರು ಸೇರಿಸಲು, ತಿದ್ದಲು ಸಾಧ್ಯವಿದ್ದರೆ ಜನನ-ಮರಣ ನೋಂದಣಿ ಕಚೇರಿಯಲ್ಲೇ ಮಾಡಿಸಿ. ಅಫಿಡವಿಟ್ ಎಷ್ಟೇ ಚೆನ್ನಾಗಿದ್ದರೂ ತಿದ್ದಿದ ಮೂಲ ದಾಖಲೆಗೆ ಸಮವಲ್ಲ. ದಾಖಲೆಯೇ ಇಲ್ಲದಿದ್ದರೆ ಅದೇ ಕಚೇರಿಯಿಂದ ಅಲಭ್ಯತಾ ಪ್ರಮಾಣಪತ್ರ ಪಡೆಯಬೇಕು. ಜನನ-ಮರಣ ನೋಂದಣಿಯ 1969ರ ಕಾಯ್ದೆ 1970ರ ಏಪ್ರಿಲ್ 1ರಿಂದ ಜಾರಿಗೆ ಬಂದದ್ದು ಅಮೆರಿಕದ ದೂತಾವಾಸಕ್ಕೂ ಗೊತ್ತು. ಅದಕ್ಕೂ ಮೊದಲು ಹುಟ್ಟಿದವರಿಂದ ಶಾಲೆಯ ದಾಖಲೆಯಂಥ ಬದಲಿ ಪುರಾವೆ ಬರುವುದು ಅವರಿಗೆ ಹೊಸದಲ್ಲ.

ಬದಲಿ ಪುರಾವೆ ಎಂದಾಗ ಜನಕ್ಕೆ ಹೊಳೆಯುವುದು ಆಧಾರ್. ನನಗೆ ಬೇಕಾದದ್ದು ಹಳೆಯ ಕಾಗದ. ಸರ್ಕಾರಿ ನೌಕರರಾಗಿದ್ದವರ ಸೇವಾ ಪುಸ್ತಕದಲ್ಲಿ ಕುಟುಂಬದ ವಿವರ ಇರುತ್ತದೆ. ಪಿಂಚಣಿ ಆದೇಶದಲ್ಲಿ ಹೆಂಡತಿಯ ಹೆಸರು, ಎಲ್‌ಐಸಿ ಪಾಲಿಸಿಯಲ್ಲಿ ನಾಮಿನಿ, ಪ್ರಾಥಮಿಕ ಶಾಲೆಯ ದಾಖಲಾತಿ ಪುಸ್ತಕದಲ್ಲಿ ಪೋಷಕರ ಹೆಸರು, ಹಳೆಯ ಪಡಿತರ ಚೀಟಿ. ವೀಸಾ ಎಂಬ ಯೋಚನೆಯೇ ಇಲ್ಲದ ಕಾಲದಲ್ಲಿ ಬರೆದಿಟ್ಟ ಕಾಗದಕ್ಕೆ ಇರುವ ತೂಕ ಕಳೆದ ತಿಂಗಳು ಮಾಡಿಸಿದ ಕಾರ್ಡಿಗೆ ಇಲ್ಲ. ಅಫಿಡವಿಟ್ ಕೊಡುವವರು ಆ ಜನನವನ್ನು ಸ್ವತಃ ಬಲ್ಲವರಾಗಿರಬೇಕು: ಸೋದರಮಾವ, ದೊಡ್ಡಮ್ಮ, ಆಗ ಪಕ್ಕದ ಮನೆಯಲ್ಲಿದ್ದವರು. ಮಗನಿಗಿಂತ ಮೂರು ವರ್ಷ ಚಿಕ್ಕವನಾದ ಗೆಳೆಯ "ಇವನ ಜನನ ನನಗೆ ಖುದ್ದು ಗೊತ್ತು" ಎಂದು ಪ್ರಮಾಣ ಮಾಡಿದ ಅಫಿಡವಿಟ್ ನನ್ನ ಕೈಗೆ ಬಂದಿದೆ. ನಗುವುದೋ ಅಳುವುದೋ!

ಕನ್ನಡದ ದಾಖಲೆಗಳಿಗೆ ಪೂರ್ಣ ಇಂಗ್ಲಿಷ್ ಅನುವಾದ ಬೇಕು. ಮುದ್ರೆಯ ಮೇಲಿನ ಅಕ್ಷರ, ಅಂಚಿನ ಟಿಪ್ಪಣಿ ಕೂಡ ಬಿಡುವಂತಿಲ್ಲ. ತನಗೆ ಎರಡೂ ಭಾಷೆ ಬರುತ್ತದೆ, ಅನುವಾದ ಸರಿಯಾಗಿದೆ ಎಂದು ಅನುವಾದಕರು ಬರೆದು ಸಹಿ ಹಾಕಬೇಕು.

4. ಮದುವೆಯಾಗಿ ಐವತ್ತು ವರ್ಷವಾದರೂ ನೋಂದಣಿ ಮಾಡಿಸಿ

ಚಪ್ಪರ ಹಾಕಿ ಮನೆಯ ಮುಂದೆ ಮದುವೆಯಾದ ಆ ತಲೆಮಾರಿನ ಬಹುಪಾಲು ದಂಪತಿಗೆ ವಿವಾಹ ಪ್ರಮಾಣಪತ್ರವಿಲ್ಲ. ಈಗಲೂ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಮಾಡಿಸಬಹುದು. ಮೊಮ್ಮಕ್ಕಳಿರುವ ಜೋಡಿ ಹೊಸ ಜೋಡಿಗಳ ಸಾಲಿನಲ್ಲಿ ನಿಲ್ಲುವುದಕ್ಕೆ ನಾಚುತ್ತಾರೆ. ಅದೊಂದು ಬೆಳಗಿನ ಕೆಲಸ, ಅಷ್ಟೆ. ತಡವಾಗಿ ಆದ ನೋಂದಣಿಯನ್ನು ಅಲ್ಲಿನವರು ಸ್ವಲ್ಪ ಅನುಮಾನದಿಂದ ನೋಡುವುದರಿಂದ ಲಗ್ನಪತ್ರಿಕೆ, ಹಳೆಯ ಫೋಟೊ ಜೊತೆಗಿಡಿ. ಕಾಗದದಿಂದ ಏನೂ ಆಗದಿದ್ದಾಗ ಡಿಎನ್‌ಎ ಪರೀಕ್ಷೆಯ ದಾರಿಯನ್ನು ಅಧಿಕಾರಿಗಳೇ ಸೂಚಿಸುತ್ತಾರೆ. ಅದು ಅವರು ಒಪ್ಪುವ ಪ್ರಯೋಗಾಲಯದ ಮೂಲಕವೇ ಆಗಬೇಕು. ಊರಿನ ಲ್ಯಾಬಿನಲ್ಲಿ ಮುಂಚಿತವಾಗಿ ಮಾಡಿಸಿಕೊಂಡು ಹೋದರೆ ದುಡ್ಡು ದಂಡ.

5. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ ಬಿಡಬೇಡಿ

ಉಪನಾಮ ಖಾಲಿ ಇದ್ದರೆ ಅಮೆರಿಕದ ವೀಸಾದಲ್ಲಿ ಇಡೀ ಹೆಸರು ಉಪನಾಮದ ಜಾಗಕ್ಕೆ ಜಾರಿ, ಮೊದಲ ಹೆಸರಿನ ಜಾಗದಲ್ಲಿ "ಎಫ್‌ಎನ್‌ಯು", ಅಂದರೆ ಹೆಸರು ಗೊತ್ತಿಲ್ಲ, ಎಂದು ಕೂರುತ್ತದೆ. ಆಮೇಲೆ ಗ್ರೀನ್ ಕಾರ್ಡ್, ಸೋಷಿಯಲ್ ಸೆಕ್ಯುರಿಟಿ, ಬ್ಯಾಂಕು, ಆಸ್ಪತ್ರೆ ಎಲ್ಲ ಕಡೆ ನಂಜಪ್ಪನವರು ಫನು ನಂಜಪ್ಪ ಆಗುತ್ತಾರೆ. ಐ-130ಕ್ಕೂ ಮೊದಲೇ ಪಾಸ್‌ಪೋರ್ಟ್ ಸರಿಪಡಿಸಿ.

6. ಒಡಹುಟ್ಟಿದವರ ಅರ್ಜಿ ಮಕ್ಕಳ ಕಾಲಕ್ಕೆ ಹಣ್ಣಾಗುತ್ತದೆ

ಅಣ್ಣ-ತಮ್ಮ, ಅಕ್ಕ-ತಂಗಿಯರ ವರ್ಗಕ್ಕೆ ಎಫ್-4 ಎಂದು ಹೆಸರು. ಇಡೀ ಜಗತ್ತಿಗೆ ವರ್ಷಕ್ಕೆ 65,000 ವೀಸಾ, ಅದರ ಮೇಲೆ ಒಂದೊಂದು ದೇಶಕ್ಕೆ ಶೇ. 7ರ ಮಿತಿ. ಸರದಿ ಎಲ್ಲಿಗೆ ಬಂದಿದೆ ಎಂದು ಪ್ರತಿ ತಿಂಗಳೂ ವೀಸಾ ಬುಲೆಟಿನ್ ಹೇಳುತ್ತದೆ. 2025ರ ಕೊನೆಯ ಬುಲೆಟಿನ್‌ಗಳಲ್ಲಿ ಭಾರತದ ಎಫ್-4 ಇನ್ನೂ 2006ರ ಅರ್ಜಿಗಳಲ್ಲೇ ಇತ್ತು. ಹತ್ತೊಂಬತ್ತು ವರ್ಷ! ಇವತ್ತು ಅರ್ಜಿ ಹಾಕುವವರು ಇದಕ್ಕಿಂತ ಹೆಚ್ಚೇ ಕಾಯಬೇಕಾದೀತು. ಹಾಗೆಂದು ಹಾಕಬೇಡಿ ಎನ್ನುವುದಿಲ್ಲ. ಹಾಕಿ ಮರೆಯಬೇಡಿ ಎನ್ನುತ್ತೇನೆ.

ಕಾಯುವ ಅವಧಿಯಲ್ಲಿ ಮೂರು ಅಪಾಯಗಳಿವೆ. ಮೊದಲನೆಯದು ಮಕ್ಕಳ ವಯಸ್ಸು. ಈ ವರ್ಗದಲ್ಲಿ ಹೆಂಡತಿ, 21 ದಾಟದ ಮಕ್ಕಳು ಜೊತೆಗೆ ಹೋಗಬಹುದು, ಅರ್ಜಿ ಹಾಕಿದಾಗ ಹುಟ್ಟಿರದ ಮಗು ಕೂಡ. ಸರದಿ ಬರುವ ಹೊತ್ತಿಗೆ ಮಗನಿಗೆ 23 ಆಗಿದ್ದರೆ? 2002ರ ಮಕ್ಕಳ ಸ್ಥಾನಮಾನ ರಕ್ಷಣಾ ಕಾಯ್ದೆ ಇಲ್ಲಿ ನೆರವಿಗೆ ಬರುತ್ತದೆ. ಐ-130 ಮಂಜೂರಾಗಲು ಎಷ್ಟು ಕಾಲ ಹಿಡಿಯಿತೋ ಅಷ್ಟನ್ನು ವಯಸ್ಸಿನಿಂದ ಕಳೆಯುತ್ತಾರೆ. ಮಂಜೂರಿಗೆ ನಾಲ್ಕು ವರ್ಷ ಹಿಡಿದಿದ್ದರೆ 23ರವನು ಲೆಕ್ಕದಲ್ಲಿ 19ರವನು. ಎರಡೇ ತಿಂಗಳಲ್ಲಿ ಮಂಜೂರಾಗಿದ್ದರೆ ಅವನು ಹೊರಗೆ. ಬೇಗ ಮಂಜೂರಾದವರೇ ನಷ್ಟಕ್ಕೆ ಸಿಗುವ ಕಾನೂನು ಇದು. ಮದುವೆಯಾಗಿದ್ದರೆ ಈ ರಕ್ಷಣೆಯೂ ಇಲ್ಲ.

ಎರಡನೆಯದು ಅರ್ಜಿ ಹಾಕಿದ ಅಕ್ಕ ಅಥವಾ ಅಣ್ಣ ತೀರಿಕೊಳ್ಳುವುದು. ಅರ್ಜಿಯೂ ಅವರೊಂದಿಗೇ ರದ್ದಾಗುತ್ತದೆ. ಅದಾಗಲೇ ಮಂಜೂರಾಗಿದ್ದರೆ ಮಾನವೀಯ ನೆಲೆಯಲ್ಲಿ ಮತ್ತೆ ಜೀವ ಕೊಡಿ ಎಂದು ಬೇರೊಬ್ಬ ಹತ್ತಿರದ ಸಂಬಂಧಿಯ ಹಣಕಾಸಿನ ಜಾಮೀನಿನೊಡನೆ ಕೇಳಿಕೊಳ್ಳಬಹುದು. ಕೊಡುವುದು ಬಿಡುವುದು ಅವರ ವಿವೇಚನೆ.

ಮೂರನೆಯದು ವಿಳಾಸ. ಅರ್ಜಿ ಹಾಕಿದಾಗ ಕೊಟ್ಟದ್ದು ಸರಸ್ವತಿಪುರಂನ ಬಾಡಿಗೆ ಮನೆಯ ವಿಳಾಸ, ಈಗ ಬಂದ್ ಆಗಿರುವ ಇಮೇಲ್. ಸರದಿ ಬಂದಿದೆ ಎಂಬ ಸೂಚನೆ ಬಂದ ಒಂದು ವರ್ಷದೊಳಗೆ ಮುಂದುವರಿಯದಿದ್ದರೆ ನೋಂದಣಿ ರದ್ದು ಮಾಡುವ ಅವಕಾಶ ಅವರಿಗಿದೆ. ಐ-130ರ ರಸೀದಿ ಮತ್ತು ಮಂಜೂರಾತಿ ಪತ್ರದ ಪ್ರತಿ ಇಲ್ಲಿನ ಬೀರುವಿನಲ್ಲೂ ಇರಲಿ, ಮನೆಪತ್ರದ ಪಕ್ಕದಲ್ಲೇ.

7. ಮುಹೂರ್ತ ಇಡುವ ಮೊದಲು ಕಡತ ನೋಡಿ

ಮಗನ ಮೂಲಕ ಗ್ರೀನ್ ಕಾರ್ಡ್ ಪಡೆದು ಹೋದ ತಂದೆ-ತಾಯಿ ಇಲ್ಲಿ ಉಳಿದ ಮಗಳಿಗಾಗಿ ಅರ್ಜಿ ಹಾಕುತ್ತಾರೆ. 21 ದಾಟಿದ, ಮದುವೆಯಾಗದ ಮಕ್ಕಳ ವರ್ಗ ಅದು. ಎಂಟೊಂಬತ್ತು ವರ್ಷ ಹಿಂದಿನ ಸರದಿ ನಡೆಯುತ್ತಿರುತ್ತದೆ. ಅಷ್ಟರಲ್ಲಿ ಒಳ್ಳೆಯ ಸಂಬಂಧ ಬರುತ್ತದೆ, ಮದುವೆಯಾಗುತ್ತದೆ. ತಂದೆ ಅಥವಾ ತಾಯಿ ಅಮೆರಿಕದ ಪ್ರಜೆಯಾಗುವ ಮೊದಲೇ ಆ ಮದುವೆ ನಡೆದರೆ ಅರ್ಜಿ ಆ ಕ್ಷಣಕ್ಕೇ ಸತ್ತಂತೆ. ಗ್ರೀನ್ ಕಾರ್ಡ್‌ನವರು ಮದುವೆಯಾದ ಮಕ್ಕಳಿಗೆ ಅರ್ಜಿ ಹಾಕುವಂತಿಲ್ಲವಲ್ಲ. ಪ್ರಜೆಯಾದ ಮೇಲೆ ಮದುವೆಯಾದರೆ ಅರ್ಜಿ ಉಳಿಯುತ್ತದೆ, ಇನ್ನೂ ಉದ್ದದ ಇನ್ನೊಂದು ಸಾಲಿಗೆ ಸರಿಯುತ್ತದೆ.

"ದೇವಸ್ಥಾನದಲ್ಲಿ ತಾಳಿ ಕಟ್ಟಿದ್ದಷ್ಟೆ, ರಿಜಿಸ್ಟರ್ ಮಾಡಿಸಿಲ್ಲ ಸಾರ್" ಎನ್ನುವ ಜಾಣತನ ನಡೆಯುವುದಿಲ್ಲ. ಶಾಸ್ತ್ರೋಕ್ತವಾಗಿ ನಡೆದ ಮದುವೆ ನಮ್ಮ ಕಾನೂನಿನಲ್ಲಿ ನೋಂದಣಿಯಿಲ್ಲದೆಯೂ ಮದುವೆಯೇ, ಆದ್ದರಿಂದ ಅವರಿಗೂ ಮದುವೆಯೇ. ಮುಚ್ಚಿಟ್ಟು ವೀಸಾ ಪಡೆದರೆ ಅದು ವಂಚನೆ. ಸಿಕ್ಕಿಬಿದ್ದರೆ ಅಮೆರಿಕದ ಬಾಗಿಲು ಜೀವನಪರ್ಯಂತ ಮುಚ್ಚಬಹುದು. ಮಗಳ ಮದುವೆ ನಿಲ್ಲಿಸಿ ಎಂದು ನಾನು ಯಾರಿಗೂ ಹೇಳಿಲ್ಲ. ವೀಸಾಕ್ಕಾಗಿ ಮೂವತ್ತೈದರವರೆಗೆ ಹುಡುಗಿಯನ್ನು ಕಾಯಿಸಿದ ಮನೆಗಳಿವೆ, ಅದು ನನಗೆ ಸರಿ ಕಂಡಿಲ್ಲ.

8. ಮಗ ಸಹಿ ಹಾಕುವ ಜಾಮೀನು ಓದಿ ಹಾಕಲಿ

ಐ-864 ಎಂಬ ಪೋಷಣೆಯ ಪ್ರಮಾಣದಲ್ಲಿ ಮಗನ ಆದಾಯ ಅಲ್ಲಿನ ಬಡತನ ರೇಖೆಯ ಶೇ. 125 ಇರಬೇಕು. ಮಗ, ಸೊಸೆ, ಇಬ್ಬರು ಮಕ್ಕಳು, ಅಪ್ಪ-ಅಮ್ಮ ಸೇರಿ ಆರು ಜನರ ಮನೆಗೆ 2025ರ ಲೆಕ್ಕದಲ್ಲಿ ಸುಮಾರು 53,900 ಡಾಲರ್. ಸಾಫ್ಟ್‌ವೇರಿನವರಿಗೆ ಇದು ಕಷ್ಟವಲ್ಲ. ಕಷ್ಟ ಇರುವುದು ಜವಾಬ್ದಾರಿಯ ಅವಧಿಯಲ್ಲಿ: ಅಪ್ಪ-ಅಮ್ಮ ಪ್ರಜೆಯಾಗುವ ತನಕ, ಅಥವಾ ಹತ್ತು ವರ್ಷದಷ್ಟು ಕೆಲಸದ ಲೆಕ್ಕ ತುಂಬುವ ತನಕ, ಅಥವಾ ಆ ದೇಶವನ್ನು ಶಾಶ್ವತವಾಗಿ ಬಿಡುವ ತನಕ ಇಲ್ಲವೇ ತೀರಿಕೊಳ್ಳುವ ತನಕ. ಕೆಲಸ ಹೋಯಿತೆಂದು ಅದು ಕೊನೆಯಾಗುವುದಿಲ್ಲ. ಹೆಂಡತಿಗೆ ಹಾಕಿದ ಪ್ರಮಾಣವಾದರೆ ವಿಚ್ಛೇದನದಿಂದಲೂ ಕೊನೆಯಾಗುವುದಿಲ್ಲ.

9. ಮುಂಬೈಗೆ ಹೋಗಬೇಕು

2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾದಾಗ ಇನ್ನು ಮುಂಬೈ ತಪ್ಪಿತು ಎಂದು ಫೋನ್ ಮಾಡಿದವರು ಬಹಳ. ಉದ್ಘಾಟನೆಯ ಹೊತ್ತಿಗೆ ಅಲ್ಲಿ ವೀಸಾ ಸೇವೆಯೇ ಇರಲಿಲ್ಲ. ನಮ್ಮ ಕಡೆಯ ವಲಸೆ ವೀಸಾ ಸಂದರ್ಶನ ನಡೆಯುತ್ತ ಬಂದಿರುವುದು ಮುಂಬೈಯಲ್ಲಿ.

ಸಂದರ್ಶನಕ್ಕಿಂತ ನಾನು ಹೆಚ್ಚು ಎಚ್ಚರ ಹೇಳುವುದು ವೈದ್ಯಕೀಯ ತಪಾಸಣೆಗೆ. ಹಿಂದೆಂದೋ ಕ್ಷಯ ಬಂದು ವಾಸಿಯಾದ ಗುರುತು ಎಕ್ಸ್‌ರೇಯಲ್ಲಿ ಕಂಡರೆ ಕಫದ ಕಲ್ಚರ್ ಪರೀಕ್ಷೆ ಮಾಡಿಸುತ್ತಾರೆ, ಅದಕ್ಕೆ ಎಂಟು ವಾರ ಬೇಕು. ವಿಮಾನದ ಟಿಕೆಟ್ ಮೊದಲೇ ತೆಗೆಯಬೇಡಿ. ಮಂಗಳೂರು, ಭಟ್ಕಳದ ಕಡೆ ಗಲ್ಫ್‌ನಲ್ಲಿ ವರ್ಷಗಟ್ಟಲೆ ದುಡಿದು ಬಂದವರಿಗೆ ಇಲ್ಲಿನ ಪಾಸ್‌ಪೋರ್ಟ್ ಕಚೇರಿಯ ಪೊಲೀಸ್ ಪ್ರಮಾಣಪತ್ರದ ಜೊತೆ ಆ ದೇಶದ್ದೂ ಬೇಕಾಗುತ್ತದೆ. ಅದನ್ನು ಕೊನೆಗೆ ಬಿಟ್ಟರೆ ಇಡೀ ಕಡತ ಅದಕ್ಕಾಗಿ ಕಾಯುತ್ತದೆ.

10. ಲಂಡನ್ನಿನ ಬೀಗರ ಮಾತು ಕೇಳಿ ಬರಬೇಡಿ

ಒಂದೊಂದು ದೇಶದ್ದು ಒಂದೊಂದು ದಾರಿ. ಬ್ರಿಟನ್ 2012ರ ಜುಲೈಯಿಂದ ತಂದೆ-ತಾಯಿಗೆ ಬಾಗಿಲನ್ನು ಹೆಚ್ಚುಕಡಿಮೆ ಮುಚ್ಚಿದೆ: ದಿನನಿತ್ಯದ ಕೆಲಸಕ್ಕೂ ಇನ್ನೊಬ್ಬರ ಆರೈಕೆ ಬೇಕು, ಅದು ಮಗ ದುಡ್ಡು ಕಳಿಸಿದರೂ ಊರಲ್ಲಿ ಸಿಗುವುದಿಲ್ಲ ಎಂದು ತೋರಿಸಬೇಕು. ಕೆನಡಾದ ಸೂಪರ್ ವೀಸಾದಲ್ಲಿ 2022ರ ಜುಲೈಯಿಂದ ಒಮ್ಮೆ ಹೋದರೆ ಐದು ವರ್ಷದವರೆಗೆ ಇರಬಹುದು, ಆದರೆ ಅದು ನೆಲೆಸುವ ಹಕ್ಕಲ್ಲ, ಆರೋಗ್ಯ ವಿಮೆ ಕಡ್ಡಾಯ. ಅಮೆರಿಕದಲ್ಲಿ ಆ ಮಧ್ಯದ ದಾರಿಯೇ ಇಲ್ಲ. ಒಂದೋ ಸಾಮಾನ್ಯವಾಗಿ ಆರು ತಿಂಗಳು ಇರಲು ಬಿಡುವ ಸಂದರ್ಶಕ ವೀಸಾ, ಇಲ್ಲವೇ ಗ್ರೀನ್ ಕಾರ್ಡ್. ನನ್ನ ಬಳಿಗೆ ಬರುವ ಅರ್ಧ ತೊಂದರೆಗಳು ಇದರಿಂದಲೇ ಹುಟ್ಟಿದವು.

11. ಗ್ರೀನ್ ಕಾರ್ಡ್ ಬಂದುಹೋಗುವ ವೀಸಾ ಅಲ್ಲ

ಬಾಣಂತನಕ್ಕೆ, ಮೊಮ್ಮಗುವಿನ ಹುಟ್ಟುಹಬ್ಬಕ್ಕೆ ವರ್ಷಕ್ಕೊಮ್ಮೆ ಹೋಗಿ ಬರಲು ಸಂದರ್ಶಕ ವೀಸಾ ಸಾಕು. ಪ್ರತಿ ಸಲ ಸಂದರ್ಶನದ ತಲೆನೋವು ಬೇಡವೆಂದು ಮಗ ಗ್ರೀನ್ ಕಾರ್ಡ್ ಮಾಡಿಸುತ್ತಾನೆ. ಅಪ್ಪ-ಅಮ್ಮ ನಾಲ್ಕು ತಿಂಗಳು ಅಲ್ಲಿದ್ದು, ಚಳಿ ಶುರುವಾದೊಡನೆ ಮೈಸೂರಿಗೆ ಬಂದು, ತೆಂಗಿನ ಕಾಯಿ ಕೀಳಿಸಿ, ತಂಗಿಯ ಮಗಳ ಮದುವೆ ಮುಗಿಸಿ, ಮೊಣಕಾಲಿನ ಆಪರೇಷನ್ ಮಾಡಿಸಿ, ಹದಿಮೂರನೆಯ ತಿಂಗಳಿಗೆ ಹೊರಡುತ್ತಾರೆ. ವಿಮಾನ ನಿಲ್ದಾಣದಲ್ಲಿ ಪ್ರಶ್ನೆ ಏಳುತ್ತದೆ.

ಒಂದು ವರ್ಷಕ್ಕಿಂತ ಹೆಚ್ಚು ಹೊರಗಿದ್ದರೆ ಆ ಕಾರ್ಡಿನ ಬಲದ ಮೇಲೆ ಮರಳುವಂತಿಲ್ಲ. ಅದಕ್ಕಿಂತ ಕಡಿಮೆಯಾದರೆ ಚಿಂತೆಯಿಲ್ಲ ಎನ್ನುವುದೂ ಸುಳ್ಳು. "ಆರು ತಿಂಗಳಿಗೊಮ್ಮೆ ಮುಖ ತೋರಿಸಿ ಬಂದರೆ ಸಾಕು" ಎಂಬುದು ವಾಕಿಂಗ್ ಪಾರ್ಕಿನ ಕಾನೂನು. ಅಧಿಕಾರಿ ನೋಡುವುದು ನಿಮ್ಮ ವಾಸ ಎಲ್ಲಿ ಎಂಬುದನ್ನು: ಮನೆ, ತೆರಿಗೆ, ಬ್ಯಾಂಕು, ವೈದ್ಯರು ಎಲ್ಲಿ, ಹೋಗುವುದು ಎಲ್ಲಿಗೆ, ಮರಳುವುದು ಎಲ್ಲಿಗೆ. ಹೆಚ್ಚು ಕಾಲ ಇಲ್ಲಿರುವ ಕಾರಣ ಮೊದಲೇ ಗೊತ್ತಿದ್ದರೆ, ಅಮೆರಿಕದಲ್ಲಿ ಇರುವಾಗಲೇ ಮರುಪ್ರವೇಶ ಪರವಾನಗಿಗೆ ಐ-131 ಅರ್ಜಿ ಹಾಕಬೇಕು. ಸಾಮಾನ್ಯವಾಗಿ ಎರಡು ವರ್ಷಕ್ಕೆ ಸಿಗುತ್ತದೆ. ಇಲ್ಲಿಗೆ ಬಂದ ಮೇಲೆ ಹಾಕುವಂತಿಲ್ಲ. ಅದು ಕಾರ್ಡನ್ನು ಉಳಿಸುತ್ತದೆ. ಪೌರತ್ವಕ್ಕೆ ಬೇಕಾದ ಐದು ವರ್ಷದ ನಿರಂತರ ವಾಸವನ್ನು ಉಳಿಸುವುದಿಲ್ಲ.

ನಿಲ್ದಾಣದಲ್ಲಿ ಐ-407 ಎಂಬ ಹಾಳೆ ಮುಂದಿಟ್ಟು ಕಾರ್ಡ್ ಬಿಟ್ಟುಕೊಡಲು ಸಹಿ ಹಾಕಿ ಎಂದರೆ, ಮನಸ್ಸಿಲ್ಲದಿದ್ದರೆ ಹಾಕಬೇಕಿಲ್ಲ. ವಲಸೆ ನ್ಯಾಯಾಧೀಶರ ಮುಂದೆ ಹೇಳಿಕೊಳ್ಳುವ ಹಕ್ಕಿದೆ. ಇಂಗ್ಲಿಷ್ ಬಾರದ ಅಮ್ಮ ಒಬ್ಬಳೇ ಹೋಗುತ್ತಿದ್ದರೆ ಈ ಒಂದು ಮಾತನ್ನು ಹೊರಡುವ ಮೊದಲು ಬಾಯಿಪಾಠ ಮಾಡಿಸುತ್ತೇನೆ. ನಿಜಕ್ಕೂ ಬೇಡವೆನಿಸಿದರೆ ಅದೇ ಐ-407 ಗೌರವದ ದಾರಿ. ತಾವಾಗಿ ಕಾರ್ಡ್ ಬಿಟ್ಟುಕೊಟ್ಟು ಮುಂದೆ ಸಂದರ್ಶಕ ವೀಸಾ ಕೇಳಿದವರ ಮಾತಿಗೆ ಬೆಲೆ ಇರುತ್ತದೆ, ಊರಿಗೆ ಮರಳುತ್ತೇವೆ ಎಂಬುದನ್ನು ಅವರು ಮಾಡಿಯೇ ತೋರಿಸಿರುತ್ತಾರೆ.

ಆದ್ದರಿಂದ ಈಗ ಯಾರು ಬಂದರೂ ಅಪ್ಪನೂ ಮಗನೂ ಇಲ್ಲದಾಗ ಅಮ್ಮನನ್ನು ಒಂದು ಪ್ರಶ್ನೆ ಕೇಳುತ್ತೇನೆ: "ಅಲ್ಲೇ ಇರ್ತೀರಾಮ್ಮ?" ಮಗನ ಮುಂದೆ ಬರುವ ಉತ್ತರ ಒಂದು. "ಅಯ್ಯೋ, ಎಷ್ಟು ದಿನ ಅಂತ ಇರೋದಪ್ಪ, ಕಾರಿಲ್ಲದೆ ಮನೆ ಹೊರಗೆ ಕಾಲಿಡೋಕಾಗಲ್ಲ ಅಲ್ಲಿ" ಎನ್ನುವುದು ಇನ್ನೊಂದು. ಎರಡನೆಯದು ಬಂದರೆ ಐ-130 ಸದ್ಯ ಬೇಡ ಎಂದು ಮಗನಿಗೆ ಫೋನ್ ಮಾಡುತ್ತೇನೆ. ನನ್ನ ಶುಲ್ಕ ಹೋಗುತ್ತದೆ, ಹೋಗಲಿ.

12. ಬಾಡಿಗೆ, ಠೇವಣಿ, ಪಿಂಚಣಿ

ಗ್ರೀನ್ ಕಾರ್ಡ್ ಕೈಯಲ್ಲಿರುವಷ್ಟು ಕಾಲ ಅಪ್ಪನ ಪಿಂಚಣಿ, ಮೈಸೂರಿನ ಮನೆಯ ಬಾಡಿಗೆ, ಬ್ಯಾಂಕ್ ಠೇವಣಿಯ ಬಡ್ಡಿ ಎಲ್ಲವನ್ನೂ ಅಮೆರಿಕದ ತೆರಿಗೆ ಲೆಕ್ಕದಲ್ಲಿ ತೋರಿಸಬೇಕು. ಅಮೆರಿಕದ ಹೊರಗಿನ ಖಾತೆಗಳ ಮೊತ್ತ ವರ್ಷದಲ್ಲಿ ಯಾವ ದಿನವಾದರೂ ಒಟ್ಟು 10,000 ಡಾಲರ್ ದಾಟಿದರೆ ಎಫ್‌ಬಿಎಆರ್ ಎಂಬ ಪ್ರತ್ಯೇಕ ವರದಿ. ನಿವೃತ್ತಿಯ ಹಣ ಠೇವಣಿ ಇಟ್ಟ ಯಾವ ಮೇಷ್ಟ್ರೂ ಈ ಗೆರೆಯ ಕೆಳಗಿಲ್ಲ. ಅಪ್ಪನ ಖಾತೆಯಲ್ಲಿ ಜಂಟಿಯಾಗಿ ಹೆಸರಿರುವ ಮಗನೂ ಅದೇ ವರದಿ ಕೊಡಬೇಕೆಂಬುದು ಮಗನಿಗೇ ಗೊತ್ತಿರುವುದಿಲ್ಲ.

ಕಾಯಿಲೆಯ ಖರ್ಚು ಇನ್ನೊಂದು. 65 ದಾಟಿದ್ದರೂ ಹೊಸದಾಗಿ ಹೋದವರಿಗೆ ಮೆಡಿಕೇರ್ ಐದು ವರ್ಷ ವಾಸವಾದ ಮೇಲೆಯೇ, ಅದೂ ದುಡ್ಡು ಕೊಟ್ಟು. ಅಲ್ಲಿ ದುಡಿದ ಲೆಕ್ಕವೇ ಇಲ್ಲದವರಿಗೆ 2025ರಲ್ಲಿ ಆಸ್ಪತ್ರೆಯ ಭಾಗಕ್ಕೆ ತಿಂಗಳಿಗೆ 518 ಡಾಲರ್, ವೈದ್ಯರ ಭಾಗಕ್ಕೆ 185. ಅಲ್ಲಿಯತನಕ ಖಾಸಗಿ ವಿಮೆಯೇ ಗತಿ. ಇದನ್ನು ಐ-864ಕ್ಕೆ ಸಹಿ ಹಾಕುವ ಮೊದಲೇ ಮಗನೂ ಸೊಸೆಯೂ ಒಟ್ಟಿಗೆ ಕೂತು ಲೆಕ್ಕ ಹಾಕಲಿ.

13. ಹೊರಡುವ ಮೊದಲು ಪೌತಿ ಖಾತೆ

ಇದು ವಲಸೆಯ ನಿಯಮವಲ್ಲ, ನನ್ನ ಮೂಲ ಕಸುಬಿನ ಮಾತು. ಅಜ್ಜನ ಹೆಸರಿನಲ್ಲೇ ಉಳಿದ ಪಹಣಿ, ಅಣ್ಣತಮ್ಮಂದಿರ ನಡುವೆ ಬಾಯಿಮಾತಿನಲ್ಲಿ ಆದ ಪಾಲು, ಇವನ್ನು ಊರಲ್ಲಿರುವಾಗಲೇ ಕಾಗದಕ್ಕೆ ತನ್ನಿ. ಅಲ್ಲಿ ಹೋದ ಮೇಲೆ ಮಾಡಿಸುವ ಅಧಿಕಾರ ಪತ್ರವನ್ನು ಅಲ್ಲಿನ ನೋಟರಿ ಮುಂದೆ ಬರೆಸಿ, ದೃಢೀಕರಿಸಿ ಕಳಿಸಬೇಕು. ಅದು ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಇಲ್ಲಿ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಲಕೋಟೆ ಸಿಕ್ಕಿದ ದಿನಾಂಕವನ್ನು ಅದರ ಮೇಲೆಯೇ ಬರೆದಿಟ್ಟುಕೊಳ್ಳಲು ಅದನ್ನು ಪಡೆಯುವ ತಮ್ಮನಿಗೆ ಹೇಳಿರಿ.